ಹೊಂಗೆ ಮರದ ಕೆಳಗಿನ ಚೆಂಡು

ದೇವನಹಳ್ಳಿ
18 ಫೆಬ್ರವರಿ 2025

ಪ್ರೀತಿಯ ಸಿಂಧು ಅಕ್ಕನಿಗೆ ಕೀರ್ತನ ಮಾಡುವ ನಮಸ್ಕಾರ.

ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆಯಾ? ನಿನ್ನ ಸೊಂಟದ ನೋವು ಕಡಿಮೆಯಾಯಿತಾ? ಗಾಲ್ಫ್ ಟೂರ್ನಮೆಂಟ್ ಮುಗಿದು ಇಷ್ಟು ದಿನವಾದರೂ ಇವಳ ಸುದ್ದಿಯೇ ಇಲ್ಲವಲ್ಲ ಅಂತ ಬೈದುಕೊಂಡಿರುತ್ತೀಯ. ತಪ್ಪಾಯಿತು. ಫೋನ್ ಮಾಡಿದರೆ ನಿನ್ನ ಅತ್ತೆ ಅಕ್ಕಯಮ್ಮನವರು ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂತುಬಿಡುತ್ತಾರೆ. "ಬಾಣಂತಿ ಹತ್ರ ಅಳೋ ಮಾತೆಲ್ಲ ಆಡ್ಬೇಡಮ್ಮಾ" ಅಂತ ಮೊದಲೇ ಆರ್ಡರ್ ಬೇರೆ. ಅವರು ಹೇಳುವುದು ಸರಿಯೇ. ಆದರೆ ನಗುತ್ತಾ ಹೇಳುವ ಸುದ್ದಿ ನನ್ನ ಹತ್ತಿರ ಇಲ್ಲ. ಅದಕ್ಕೇ ಈ ಕಾಗದ. ಚಿಕ್ಕಪ್ಪನ ಮಗ ಅಮರ್ ನಿಮ್ಮ ಸೋಂಪುರಕ್ಕೆ ಡ್ಯೂಟಿಗೆ ಬರುವಾಗ ನಿನ್ನ ಕೈಗೇ ಕೊಡುತ್ತಾನೆ.

"ಆಡೋ ಹಾಗಿದ್ದ ಚೆಂಡನ್ನ ಯಾಕೆ ಎತ್ಕೊಂಡೆ ಕಣೇ?" ಅಂತ ನೀನು ಮೆಸೇಜ್ ಹಾಕಿದ್ದೆ. ಅಮರ್ ನಿನಗೆ ಅಷ್ಟು ಮಾತ್ರ ಹೇಳಿದ್ದಾನೆ. ಮಿಕ್ಕದ್ದು ಹೇಳಕೂಡದು ಅಂತ ಅಪ್ಪ ಅವನಿಂದ ಆಣೆ ಹಾಕಿಸಿಕೊಂಡಿದ್ದಾನೆ. ನನ್ನಿಂದ ಹಾಕಿಸಿಕೊಂಡಿಲ್ಲ.

ಮೊದಲಿಂದ ಹೇಳುತ್ತೇನೆ. ಶಾಲೆಯಲ್ಲಿ ಪಿ.ಟಿ. ಮೇಡಂ ಕೈಗೆ ಗಾಲ್ಫ್ ಕೋಲು ಕೊಟ್ಟ ದಿನದಿಂದ ನಾನು ಯಾವತ್ತೂ ಆಟಕ್ಕೆ ಹೆದರಿದವಳಲ್ಲ. ಈ ಸಲ ಪ್ರೊಫೆಷನಲ್ ಆಗಿ ಮೊದಲ ಆಟ, ಅದೂ ನಮ್ಮ ಹೊಲ ಸೇರಿಸಿ ಮಾಡಿದ ಕೋರ್ಸಿನಲ್ಲೇ ಅಂತ ಗೊತ್ತಾದಾಗ ಹೋಗಲೋ ಬೇಡವೋ ಅನ್ನಿಸಿತು. ಅಪ್ಪ ಮಾತ್ರ, "ಕೊಟ್ಟಾಯ್ತಲ್ಲ, ಈಗದು ಅವ್ರ ಜಾಗ. ಹೋಗಿ ಆಡು ಮಗಾ" ಅಂದ. ಹೋಗಿ ನೋಡಿದರೆ ಒಂದೂ ಗುರುತು ಸಿಗಲಿಲ್ಲ. ಹಳ್ಳ ಇದ್ದಲ್ಲಿ ದಿಬ್ಬ, ರಾಗಿ ಬೆಳೆಯುತ್ತಿದ್ದಲ್ಲಿ ಕೆರೆ. ಹೊಂಗೆ ಮರಗಳಂತೂ ಎಲ್ಲೆಲ್ಲೂ ಇವೆ.

ಮೊದಲ ದಿನ ನನ್ನ ಹೆಸರು ಕೂಗಿದರು. ಕೂಗಿದ ಮೇಲೆ ಎಲ್ಲರೂ ಗಪ್‌ಚಿಪ್. ನಮ್ಮೂರಲ್ಲಿ ಸ್ಕೂಟರಿಗೆ ಸ್ಟ್ಯಾಂಡ್ ಹಾಕುವಾಗಲೂ ನಾಲ್ಕು ಜನ ಬಂದು ಬುದ್ಧಿ ಹೇಳುತ್ತಾರೆ. ಇಲ್ಲಿ ಅಷ್ಟೂ ಜನ ಉಸಿರು ಬಿಡದೆ ನನ್ನ ಕೈಯನ್ನೇ ನೋಡುತ್ತಿದ್ದರು. ಟೀ ಅಂತಾರಲ್ಲ, ಆ ಪುಟ್ಟ ಗೂಟದ ಮೇಲೆ ಚೆಂಡು ಕೂರಿಸಲು ಹೋದರೆ ಅದು ಉರುಳಿ ಬಿತ್ತು. ಬ್ಯಾಗ್ ಹೊತ್ತಿದ್ದ ಅಮರ್ ಕಿವಿಯ ಹತ್ತಿರ ಬಂದು, "ಲೇ, ಮೊದ್ಲು ಉಸಿರಾಡೇ. ಸತ್ತೋಗ್ತೀಯ" ಅಂದ. ನಗು ಬಂತು, ಹೊಡೆದೆ, ನೆಟ್ಟಗೆ ಹೋಯಿತು. ಆದರೂ ಭಯ ಹೋಗಲಿಲ್ಲ ಅಕ್ಕ. ಸಂಜೆಯವರೆಗೂ ಅದೇ ಗೋಳು.

ಎರಡು ದಿನ ಆದ ಮೇಲೆ ಹೆಚ್ಚು ಹೊಡೆತ ತೆಗೆದುಕೊಂಡವರನ್ನು ಮನೆಗೆ ಕಳಿಸುತ್ತಾರೆ. ಅದಕ್ಕೆ ಕಟ್ ಅನ್ನುತ್ತಾರೆ. ಅದನ್ನು ದಾಟಿದರೆ ವರ್ಷಪೂರ್ತಿ ನನ್ನ ಖರ್ಚು ನೋಡಿಕೊಳ್ಳುತ್ತೇವೆ ಅಂತ ಸ್ಪಾನ್ಸರ್ ಹೇಳಿದ್ದರು. ಎರಡನೇ ದಿನ ಅಪ್ಪನೂ ಬಂದಿದ್ದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ನೋಡುವವರಿಗೆ ಅಂತ ಕಟ್ಟಿದ ಹಗ್ಗದ ಆಚೆ ದೂರದಲ್ಲಿ ಒಬ್ಬನೇ ನಡೆಯುತ್ತಿದ್ದ. ಚೆಂಡು ಹಾಕಬೇಕಾದ ಕೊನೆಯ ಎರಡು ಗುಂಡಿ ಉಳಿದಿದ್ದಾಗ ನಾನು ಸರಿಯಾಗಿ ಕಟ್‌ನ ಅಂಚಿನ ಮೇಲಿದ್ದೆ. ಒಂದು ಹೊಡೆತ ಹೆಚ್ಚಾದರೂ ಹೊರಗೆ.

ಅಲ್ಲಿ ನನ್ನ ಚೆಂಡು ಸ್ವಲ್ಪ ಎಡಕ್ಕೆ ಹೋಗಿ ಒಂದು ಹಳೆಯ ಹೊಂಗೆ ಮರದ ಹತ್ತಿರ ನಿಂತಿತು. ಒಳ್ಳೆಯ ಹುಲ್ಲು, ಎದುರಿಗೆ ಏನೂ ಅಡ್ಡ ಇಲ್ಲ. ಆಡಲು ನಿಂತೆ. ಆಗ ಅಪ್ಪ ಹಗ್ಗದ ಕೆಳಗೆ ನುಸುಳಿ ಬಂದ. ಬರಿಗಾಲು. ಚಪ್ಪಲಿ ಕೈಯಲ್ಲಿತ್ತು.

"ಅಲ್ಲಿ ತುಳೀಬೇಡ ಮಗಾ. ನಿಮ್ಮಮ್ಮ ಅವ್ಳೆ ಅಲ್ಲಿ."

ನನಗೆ ತಲೆ ಬುಡ ಅರ್ಥವಾಗಲಿಲ್ಲ. ಅಮ್ಮನನ್ನು ಹೊಲದಲ್ಲಿ ಮಣ್ಣು ಮಾಡಿದ್ದು ಗೊತ್ತು. ಹೊಲ ಕೊಟ್ಟಾಗ ಅಲ್ಲಿಂದ ತೆಗೆದು ಮನೆಯ ಹಿತ್ತಲಿಗೆ ತಂದೆ ಅಂತ ಅಪ್ಪನೇ ಹೇಳಿದ್ದ. ಪಿತೃಪಕ್ಷ ಬಂದಾಗಲೆಲ್ಲ ಹಿತ್ತಲಿನ ಆ ಸಮಾಧಿ ಕಲ್ಲಿನ ಮುಂದೆ ತಾನೇ ನಾವಿಬ್ಬರೂ ಎಡೆ ಇಟ್ಟಿದ್ದು? ನಿನ್ನ ಮದುವೆಯ ಸೀರೆ ಇಟ್ಟು ಅತ್ತಿದ್ದು?

"ಅಗ್ಯಕ್ಕೆ ಕೈ ಬರ್ಲಿಲ್ಲ ಕಣಮ್ಮಾ. ಕಲ್ಲು ಮಾತ್ರ ತಂದ್ಬಿಟ್ಟೆ" ಅಂದ ಅಪ್ಪ.

ನಾನು ಬಗ್ಗಿ ಚೆಂಡು ಎತ್ತಿಕೊಂಡೆ. ಯೋಚನೆ ಮಾಡಿ ಎತ್ತಿದ್ದಲ್ಲ. ಎಡೆಯ ಮೇಲೆ ಏನೋ ಬಿದ್ದರೆ ತೆಗೆಯುವುದಿಲ್ಲವಾ, ಹಾಗೆ ಕೈ ಹೋಯಿತು. ನನ್ನ ಜೊತೆ ಆಡುತ್ತಿದ್ದ ಬೆಂಗಳೂರಿನ ಚಂದನ, "ಅಯ್ಯೋ, ಚೆನ್ನಾಗೇ ಕೂತಿತ್ತಲ್ಲ! ಯಾಕೆ ಮುಟ್ಟಿದೆ?" ಅಂತ ಬಾಯಿಗೆ ಕೈ ಇಟ್ಟುಕೊಂಡಳು. ರೆಫರಿ ಬಂದು ಅಪ್ಪನನ್ನು ಆಚೆ ಕಳಿಸಿದರು. ಅಲ್ಲೇ ವಾಪಸ್ ಇಟ್ಟು ಆಡಿದರೂ, ಪಕ್ಕಕ್ಕೆ ಬಿಟ್ಟು ಆಡಿದರೂ, ಎತ್ತಿದ್ದಕ್ಕೆ ಒಂದು ಹೊಡೆತ ದಂಡ ಅಂದರು. ಪಕ್ಕಕ್ಕೆ ಬಿಟ್ಟೆ. ಆ ಒಂದೇ ಹೊಡೆತದಲ್ಲಿ ಕಟ್ ಹೋಯಿತು.

ಅಪ್ಪನ ಮೇಲೆ ಸಿಟ್ಟಿಲ್ಲ. ಇದೆ, ಆದರೆ ಮುಖ ನೋಡಿದರೆ ಹೊರಗೆ ಬರುವುದಿಲ್ಲ. ಮನೆಗೆ ಬಂದ ಮೇಲೆ ಅವನು ಹಿತ್ತಲಿಗೆ ಹೋಗಿಲ್ಲ. ನಾನೂ ಹೋಗಿಲ್ಲ. ಸ್ಪಾನ್ಸರ್ ಒಳ್ಳೆಯವರು, ಬರುವ ತಿಂಗಳು ಇನ್ನೊಂದು ಆಟಕ್ಕೆ ಕಳಿಸುತ್ತಾರಂತೆ, ಅದೇ ಕೊನೆಯ ಅವಕಾಶವಂತೆ. ಕಾರಣ ಕೇಳಿದರು. ಗೊತ್ತಾಗದೆ ಎತ್ತಿದೆ ಅಂದೆ.

ನೀನು ಕಳಿಸಿದ ಘಾಟಿ ಸುಬ್ರಹ್ಮಣ್ಯದ ಕುಂಕುಮ ಬ್ಯಾಗಿನಲ್ಲೇ ಇದೆ. ಕಿವಿಗೆ ಹತ್ತಿ ಇಟ್ಟುಕೋ, ತಣ್ಣೀರು ಮುಟ್ಟಬೇಡ. ನನ್ನ ಬಂಗಾರಿಗೆ ದೃಷ್ಟಿ ತೆಗಿ. ಅವಳು ನೂರು ವರ್ಷ ಧೈರ್ಯವಾಗಿ ಬಾಳಲಿ, ಚಿಕ್ಕಮ್ಮನ ಪುಕ್ಕಲುತನ ಅವಳಿಗೆ ಬರದಿರಲಿ.

ನಿನ್ನ ತಂಗಿ,
ಕೀರ್ತನ

ಮರೆತ ಮಾತು: ಮರೆತಿದ್ದಲ್ಲ ಅಕ್ಕ, ಬರೆಯಲು ಕೈ ಬಂದಿರಲಿಲ್ಲ. ಅಪ್ಪ ಕೂಗುವ ಮೊದಲೇ ನಾನು ಚೆಂಡಿನ ಪಕ್ಕದಲ್ಲಿ ಸುಮ್ಮನೆ ಒಂದು ಸಲ ಕೋಲು ಬೀಸಿ ನೋಡಿದ್ದೆ. ಆಟದಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ. ಅಂಗೈಯಗಲ ಹುಲ್ಲು ಮಣ್ಣಿನ ಸಮೇತ ಕಿತ್ತುಬಂತು. ರೆಫರಿ ಬರುವಷ್ಟರಲ್ಲಿ ಅಪ್ಪ ಮಂಡಿಯೂರಿ ಕೂತು, ಆ ತುಂಡನ್ನು ಎತ್ತಿ ಇದ್ದ ಜಾಗದಲ್ಲೇ ಕೂರಿಸಿ, ಅಂಗೈಯಿಂದ ತಟ್ಟುತ್ತಲೇ ಇದ್ದ. ನೀನು ಮಗು ಮಲಗಿಸುವಾಗ ತಟ್ಟುತ್ತೀಯಲ್ಲ, ಹಾಗೆ. ಅವತ್ತಿನಿಂದ ಕೋಲು ನೆಲದ ಹತ್ತಿರ ಬಂದರೆ ಸಾಕು, ನನ್ನ ಕೈ ನಿಂತುಹೋಗುತ್ತದೆ. ದಿನಾ ಪ್ರಾಕ್ಟೀಸಿಗೆ ಅಂತ ಹೋಗಿ ಸುಮ್ಮನೆ ಕೂತು ಬರುತ್ತಿದ್ದೇನೆ. ಯಾರಿಗೂ ಹೇಳಿಲ್ಲ. ಬಾಣಂತಿ ಹೊಸಿಲು ದಾಟಬಾರದು ಅಂತ ಗೊತ್ತು. ಆದರೂ ಒಂದು ಸಲ ಬಂದು ಹೋಗೇ ಅಕ್ಕ.