ಮುಂದಿನ ಸಾಲಿನವರು

ತಮ್ಮಾ,

ಆಶೀರ್ವಾದ ಆಮೇಲೆ ಮಾಡುತ್ತೇನೆ, ಮೊದಲು ಇದನ್ನು ಓದು.

ನಿನ್ನೆ ಸಭಾಭವನದ ವಾರ್ಷಿಕೋತ್ಸವದಲ್ಲಿ ಅಮ್ಮನನ್ನು ಮುಂದಿನ ಸಾಲಿನಿಂದ ಎಬ್ಬಿಸಿದೆಯಲ್ಲ, ನಿನಗೆ ಮನಸ್ಸಾದರೂ ಹೇಗೆ ಬಂತು? "ಹಿಂದೆ ಹೋಗಿ ಕೂತ್ಕೋಮ್ಮಾ, ಇಲ್ಲಿ ಮುಂದಿನ ಸಾಲಿನವರು ಬರ್ತಾರೆ" ಅಂತ ಬೇರೆ!

ಈ ಊರಲ್ಲಿ ಈಗ ಆ ಮಾತಿಗೆ ದೊಡ್ಡ ಕುಳಗಳು ಅಂತ ಅರ್ಥ. ಯಾವ ಕೆಲಸ ಆಗಬೇಕಾದರೂ "ಮುಂದಿನ ಸಾಲಿನವರು ಯಾರಾದ್ರೂ ಗೊತ್ತಾ?" ಅಂತಲೇ ಕೇಳುತ್ತಾರೆ. ಆದರೆ ಅದು ಹುಟ್ಟಿದ್ದು ಹೇಗೆ ಅಂತ ಭವನದ ಮ್ಯಾನೇಜರಾದ ನೀನೂ ಮರೆತೆಯಾ? ಭವನದ ಕುರ್ಚಿಗಳನ್ನೆಲ್ಲ ಮಾಡಿದ್ದು ನಮ್ಮಪ್ಪ. ಕಿವಿ ಮಂದವಾದವರು, ಮಂಡಿನೋವಿನವರು ಮುಂದೆ ಕೂರಲಿ, ಏಳುವಾಗ ಆಸರೆಯಾಗಲಿ ಅಂತ ಮುಂದಿನ ಸಾಲಿನ ಕುರ್ಚಿಗಳಿಗೆ ಮಾತ್ರ ಕೈ ಇಟ್ಟ. ಮೊದಲು ಮುಂದಿನ ಸಾಲಿನವರು ಅಂದರೆ ಅವರೇ. ಕೈ ಇರುವ ಕುರ್ಚಿ ಕಂಡದ್ದೇ ತಡ, ದೊಡ್ಡವರು ಬಂದು ಝಂಡಾ ಊರಿದರು. ಹೆಸರನ್ನೂ ಹೊಡೆದುಕೊಂಡರು.

ಅಮ್ಮ ಕೊನೇ ಸಾಲಲ್ಲಿ ನನ್ನ ಪಕ್ಕ ಕೂತಳು. ನಿನ್ನ ಭಾಷಣದ ಒಂದಕ್ಷರವೂ ಅವಳಿಗೆ ಕೇಳಿಸಲಿಲ್ಲ. ಅಕ್ಕಪಕ್ಕದವರ ಕೈ ನೋಡಿ ನೋಡಿ ತಾನೂ ಚಪ್ಪಾಳೆ ತಟ್ಟಿದಳು.

ಮನೆಗೆ ಬಂದಮೇಲೆ "ಏನು ಮಾತಾಡಿದ ನನ್ನ ಮಗ?" ಅಂದಳು. ನೀನು ಆ ಸಾಲಿನ ಒಬ್ಬೊಬ್ಬರನ್ನೂ ಹೊಗಳಿ ಅಟ್ಟಕ್ಕೇರಿಸಿದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. "ಅಪ್ಪನನ್ನು ನೆನೆಸಿಕೊಂಡ" ಅಂತ ಅವಳ ಕಿವಿಯಲ್ಲಿ ಕೂಗಿ ಸುಳ್ಳು ಹೇಳಿದೆ.

ಅದನ್ನು ನಿನ್ನ ಬಾಯಿಂದಲೇ ಕೇಳಬೇಕಂತೆ. ಭಾನುವಾರ ಬಾ. ಅವಳ ಹತ್ತಿರ ಕೂತು ಗಟ್ಟಿಯಾಗಿ ಹೇಳು.

ಇಂತಿ,
ಬಡಗಿಯ ಮಗಳು,
ನಿನ್ನ ಅಕ್ಕ