ಗಂಡನ ಹೆಸರು ಹೇಳದ ಕಿಷ್ಟವ್ವನ ಅಪರಾಧ

ಅಕ್ಕೋಳ, ತಾಲೂಕು ಚಿಕ್ಕೋಡಿ
ಮಾರ್ಚ್ 1989

ವಿದೇಶಿಯರ ನೋಂದಣಿ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹತ್ತು ತಿಂಗಳಿಂದ ಇದ್ದು ಕನ್ನಡ ಕಲಿಯುತ್ತಿರುವ ಡೆನ್ಮಾರ್ಕ್ ದೇಶದ ಗಂಡಹೆಂಡತಿ ಇದೇ ತಿಂಗಳ ಮೂವತ್ತೊಂದರೊಳಗೆ ದೇಶ ಬಿಟ್ಟು ಹೋಗಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಅವರು ಕೇಳಿದ್ದು ಇನ್ನಾರು ತಿಂಗಳು. ತಾವು ಕೊಟ್ಟ ಕಾರಣ ಹೀಗಿದೆ: "ಅರ್ಜಿದಾರಳು ತನ್ನ ಪತಿಯ ಹೆಸರನ್ನು ತಿಳಿಸಲು ನಿರಾಕರಿಸಿದ್ದು, ಒತ್ತಾಯಿಸಲಾಗಿ ಅಸಂಬದ್ಧವಾಗಿ ಹಾಡು ಹೇಳಿರುತ್ತಾಳೆ. ಇವರ ವೈವಾಹಿಕ ಸಂಬಂಧವು ಸಂಶಯಾಸ್ಪದವಾಗಿರುತ್ತದೆ." ಅದರ ಕೆಳಗೆ ಇನ್ನೊಂದು ಸಾಲು: ಭಾಷೆ ಕಲಿಸುವವಳು ನಾಲ್ಕನೇ ಇಯತ್ತೆ ಮಾತ್ರ ಓದಿದ್ದು, ಅವಳಿಗೆ ಅರ್ಹತೆ ಇರುವುದಿಲ್ಲ, ಇದು ಮಾನ್ಯತೆ ಪಡೆದ ಸಂಸ್ಥೆಯೂ ಅಲ್ಲ. ಆ ಕಲಿಸುವವಳು ನಾನು, ಸತ್ತೆವ್ವ. ಮೇಲಿನ ಸಾಲಿಗೂ ನಾನೇ ಕಾರಣ. ಆದ್ದರಿಂದ ಈ ಪತ್ರ ಬರೆಯುವ ಹೊಣೆ ನನ್ನ ಮೇಲೆಯೇ ಬಿದ್ದಿದೆ.

ತಮ್ಮ ಆದೇಶದ ಕನ್ನಡ ಬಹಳ ಉನ್ನತವಾದದ್ದು. "ಸಂಶಯಾಸ್ಪದ" ಎಂಬ ಮಾತು ನನಗೆ ತಿಳಿಯಲಿಲ್ಲ. ಆ ಡೆನ್ಮಾರ್ಕಿನವನೇ ತನ್ನ ಶಬ್ದಕೋಶ ತೆರೆದು ನನಗೆ ಅರ್ಥ ಹೇಳಿದ. ತನ್ನ ಹೆಂಡತಿ ತನ್ನ ಹೆಂಡತಿಯಲ್ಲ ಎಂಬ ಸುದ್ದಿಯನ್ನು ಒಬ್ಬ ಮನುಷ್ಯ ಶಬ್ದಕೋಶದಲ್ಲಿ ಹುಡುಕಿಕೊಂಡು ತಿಳಿಯಬೇಕಾಗಿ ಬಂದದ್ದು ತಮ್ಮ ಆಡಳಿತದ ಸಾಧನೆಯೇ ಸರಿ.

ಅವನ ಹೆಸರು ಹೆನ್ರಿಕ್, ಅವಳದು ಕಿರ್ಸ್ಟೆನ್. ನಮ್ಮ ಓಣಿಯ ಬಾಯಿಗೆ ಅದು ಹೊರಳದೆ ಮೊದಲ ವಾರದಲ್ಲೇ ಕಿಷ್ಟವ್ವ ಆಯಿತು. ಒಂದೇ ಮನೆಯೊಳಗೆ ಒಬ್ಬರೊಡನೆ ಕನ್ನಡ, ಇನ್ನೊಬ್ಬರೊಡನೆ ಮರಾಠಿ ಆಡುವ ಜನ ಹೇಗೆ ಮಾತು ಬದಲಿಸುತ್ತಾರೆಂದು ಕಲಿಯಲು ಅವರು ಬಂದದ್ದು. ಇದನ್ನು ಕಲಿಸುವ "ಮಾನ್ಯತೆ ಪಡೆದ ಸಂಸ್ಥೆ" ಎಲ್ಲಿದೆ ಸಾಹೇಬರೇ? ಇದ್ದರೆ ವಿಳಾಸ ಕೊಡಿ. ನನಗೆ ಗೊತ್ತಿರುವುದು ನಮ್ಮ ಅಂಗಳ ಒಂದೇ. ಹೆನ್ರಿಕ್ ಬೆಳಗಾದರೆ ನಮ್ಮಪ್ಪ ಮಾಳಸಿದ್ದನ ಜೊತೆ ಕುರಿಗಳ ಹಿಂದೆ ಹೋಗುತ್ತಿದ್ದ, ಬಗಲಲ್ಲಿ ಬರೆದುಕೊಳ್ಳುವ ವಹಿ. ಅವಳು ನನ್ನೊಡನೆ ನೀರು ತರುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ಅವಳ ರೊಟ್ಟಿ ಮೂರು ತಿಂಗಳು ಯಾವ ಆಕಾರಕ್ಕೂ ಬರಲಿಲ್ಲ. ಮಾತು ಅದಕ್ಕಿಂತ ಬೇಗ ಬಂತು.

ದೀಪ ಹಚ್ಚುವ ತನಕ ಗಂಡಹೆಂಡತಿ ತಮ್ಮೊಳಗೂ ಕನ್ನಡವನ್ನೇ ಆಡಬೇಕೆಂದು ಅವರು ಕಟ್ಟು ಹಾಕಿಕೊಂಡಿದ್ದರು. ಒಂದು ದಿನ ಹೆನ್ರಿಕ್ ಬಾಗಿಲು ತೆರೆದಿಟ್ಟು ಹೋಗಿ, ನಮ್ಮ ಟಗರು ಒಳಗೆ ನುಗ್ಗಿ ಕಿಷ್ಟವ್ವನ ವಹಿಯ ಹನ್ನೆರಡು ಹಾಳೆ ತಿಂದುಬಿಟ್ಟಿತು. ಅವಳು ಮುಖ ಕೆಂಪಗೆ ಮಾಡಿಕೊಂಡು ನಮ್ಮ ಅಡಿಗೆಮನೆಗೆ ಬಂದಳು.

"ಸತ್ತೆವ್ವ, ಲಗೂ ನಾಕ ಬೈಗಳ ಕೊಡ. ನನ್ನ ಕಡೆ ಇದ್ದೂವೆಲ್ಲಾ ಮುಗದಾವ."

"ಯಾರಿಗವ್ವ? ಟಗರಿಗೋ, ಗಂಡಗೋ?"

"ಟಗರ ಏನ ಮಾಡೀತ ಪಾಪ. ಗಂಡಗ."

ಮೂಲೆಯಲ್ಲಿ ಕುಳಿತಿದ್ದ ನಮ್ಮ ಆಯಿ, ಅಪ್ಪನ ತಾಯಿ ರಾಮವ್ವ, ತಂಬಾಕು ತಿಕ್ಕುತ್ತಲೇ ಹೇಳಿಕೊಟ್ಟಳು: "'ನಿಮಗ ಕಣ್ಣ ಅದಾವೋ, ಗೋಲಿಗುಂಡ ಅದಾವೋ' ಅನ್ನ ಮಗಳ. ಗಂಡಗ ಅಷ್ಟ ಸಾಕ."

ಅವಳು ಹಿಂದಿನ ಕೋಣೆಯ ತನಕ ಅದನ್ನೇ ಬಾಯಿಪಾಠ ಮಾಡುತ್ತ ಹೋಗಿ ಗಂಡನಿಗೆ ಅಂದಳು. ಒಳಗಿನಿಂದ ಹೆನ್ರಿಕನ ದನಿ ಕೇಳಿತು: "ಗೋಲಿಗುಂಡ ಅಂದ್ರ ಏನ? ತಡೀ, ಬರಕೋತೇನಿ." ಜಗಳ ಅಲ್ಲಿಗೆ ಮುಗಿಯಿತು. ಇವರು ಗಂಡಹೆಂಡತಿ ಹೌದೋ ಅಲ್ಲವೋ ಎಂಬ ಸಂಶಯ ತಮಗೆ ಬಂದಿದೆ. ಆ ದಿನ ನಮ್ಮ ಅಂಗಳದಲ್ಲಿ ನಿಂತವರಾರಿಗೂ ಬರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬಂದ ಹೊಸದರಲ್ಲಿ ಕಿಷ್ಟವ್ವ ಅಂಗಳದಿಂದಲೇ "ಹೆನ್ರಿಕ್, ಹೆನ್ರಿಕ್" ಎಂದು ಕೂಗುತ್ತಿದ್ದಳು. ಆಯಿ ಎರಡೂ ಕಿವಿ ಮುಚ್ಚಿಕೊಂಡು, "ಏನ ಬೇ, ಗಂಡಗ ಎಮ್ಮಿ ಕರದಂಗ ಕರೀತಿ" ಅಂದಳು. ಗಂಡನ ಹೆಸರು ಬಾಯಲ್ಲಿ ಆಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಹಿರಿಯರು ನಂಬುತ್ತಾರೆ, ಹೇಳಲೇಬೇಕಾದಾಗ ಒಡಪು ಎಂಬ ಚಿಕ್ಕ ಪದ ಕಟ್ಟಿ ಅದರೊಳಗೆ ಹೆಸರಿಟ್ಟು ಹೇಳುತ್ತಾರೆ ಎಂದು ನಾನೇ ತಿಳಿಸಿದೆ. ಕಿಷ್ಟವ್ವ ಮೂರು ದಿನ ನಕ್ಕಳು. ನಾಲ್ಕನೆಯ ದಿನ "ಕೇಳೀರೇನ್ರಿ" ಎಂದು ಕರೆದಳು. ಆಮೇಲೆ ಅದೇ ರೂಢಿಯಾಯಿತು. "ನಮ್ಮ ದೇಶದಾಗ ದಿನಕ್ಕ ನೂರ ಸಲ ಹೆಸರ ಕರದ್ರೂ ತಿರುಗಿ ನೋಡತಿರ್ಲಿಲ್ಲ. ಇಲ್ಲಿ ಹೆಸರ ಬಿಟ್ಟ ಕರದ್ರ ಓಡಿ ಬರ್ತಾರ ನೋಡ" ಎಂದು ನನಗೆ ಹೇಳಿದಳು. ನೆರೆಮನೆಯ ಬಸುರಿ ಪದ್ಮವ್ವನ ಕುಬಸದ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಿಷ್ಟವ್ವನಿಂದಲೂ ಒಡಪು ಹೇಳಿಸಿಯೇ ಒಳಗೆ ಬಿಟ್ಟರು. ಈ ಪದ್ಧತಿ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಬೇರೆ. ನಾಳೆ ನಮ್ಮ ಹುಡುಗಿಯರು ಬಿಟ್ಟರೂ ನನಗೆ ಬೇಸರವಿಲ್ಲ. ಆದರೆ ಹಿರಿಯರ ಮುಂದೆ ಅವರಿಗೆ ನೋವಾಗದಂತೆ ನಡೆದುಕೊಳ್ಳಲು ಕಲಿತವಳನ್ನು ಅಪರಾಧಿ ಎನ್ನಲು ತಮಗೆ ಯಾವ ಕಾಯ್ದೆ ಕಲಿಸಿತು?

ತಾವು ಚಿಕ್ಕೋಡಿಯ ಪ್ರವಾಸಿ ಮಂದಿರಕ್ಕೆ ಕ್ಯಾಂಪ್ ಬಂದ ದಿನ ನೆನಪಿರಬಹುದು. ಅವರಿಬ್ಬರ ಜೊತೆ ಆಯಿ, ನಾನು, ನೆರೆಮನೆಯ ಗಂಗೂಬಾಯಿ ಬಂದಿದ್ದೆವು. ಎರಡೂ ಪಾಸ್‌ಪೋರ್ಟು ತಮ್ಮ ಮುಂದಿದ್ದವು. ಅರ್ಜಿಯಲ್ಲಿ ಗಂಡನ ಹೆಸರನ್ನು ಅವಳೇ ತನ್ನ ಕೈಯಿಂದ ಬರೆದಿದ್ದಳು. ಬರೆಯಲು ಅಡ್ಡಿಯಿಲ್ಲ, ಬಾಯಲ್ಲಿ ಆಡಬಾರದು ಅಷ್ಟೇ. ಅವರ ಮದುವೆಯ ಪತ್ರವನ್ನು ತಾವು ನೆಟ್ಟಗೆ ಹಿಡಿದು ನೋಡಿದಿರಿ, ತಲೆಕೆಳಗು ಹಿಡಿದು ನೋಡಿದಿರಿ, ಕೆಳಗಿಟ್ಟಿರಿ.

"ಪತಿಯ ಹೆಸರೇನು?"

ಕಿಷ್ಟವ್ವ ಬಾಗಿಲಲ್ಲಿದ್ದ ಆಯಿಯ ಕಡೆ ನೋಡಿ ಸೆರಗು ಸರಿಮಾಡಿಕೊಂಡಳು. "ಅದ್ರಾಗ ಬರದೈತಿ ನೋಡ್ರಿ ಸಾಹೇಬ್ರ."

"ಬಾಯಿಂದ ಹೇಳಿ."

"ಹಿರ‍್ಯಾರ ಅದಾರ್ರಿ. ಹಂಗ ಹೇಳಾಕ ಬರೂದಿಲ್ಲ."

ಹೆನ್ರಿಕ್ ಬಾಯಿ ತೆರೆದ. ನಿಮ್ಮನ್ನು ಕೇಳಿಲ್ಲ, ಸುಮ್ಮನಿರಿ ಎಂದಿರಿ. ಆಗ ಆಯಿ, "ಒಡಪ ಹಾಕಿ ಹೇಳ ಮಗಳ, ಸಾಹೇಬ್ರ ಕೇಳಾಕತ್ತಾರ" ಅಂದಳು. ಕಿಷ್ಟವ್ವ ಎದ್ದು ನಿಂತು ಕೈಮುಗಿದು, ಅಲ್ಲೇ ಕಟ್ಟಿ ಹೇಳಿದಳು:

"ಹಾಲಿನ ಮ್ಯಾಲ ಕೆನಿ ಚಂದ, ರೊಟ್ಟಿ ಮ್ಯಾಲ ಬೆಣ್ಣಿ ಚಂದ,
ಸಾಹೇಬರ ಮೇಜಿನ ಮ್ಯಾಲ ಫೈಲಿನ ಸಾಲ ಚಂದ,
ಏಳ ಸಮುದ್ರ ದಾಟಿ ಬಂದ ಹೆನ್ರಿಕರಾಯರ ಹಿಂದ ನಾ ಚಂದ."

ತಮ್ಮ ಪೇದೆಗೆ ನಗು ತಡೆಯಲಿಲ್ಲ. ಅವನು ನಮ್ಮ ಕಡೆಯವನು, ಒಡಪು ಚೆನ್ನಾಗಿತ್ತೆಂದು ನಕ್ಕ. ತಾವು ಮಾತ್ರ ಅಪಮಾನವೆಂದುಕೊಂಡಿರಿ. ಅವಳು ಗಂಡನ ಹೆಸರು ಹೇಳಿದಳು, ಮಾನ್ಯರೇ. ತಾವು ಕೇಳಿದ್ದಕ್ಕಿಂತ ಹೆಚ್ಚಿನ ಗೌರವದಿಂದ ಹೇಳಿದಳು. ತಾವು ಲೇಖನಿ ಎತ್ತಿ "ಅಸಂಬದ್ಧ ಹಾಡು" ಎಂದು ಬರೆದಿರಿ. ಹೊರಗೆ ಬಂದ ಮೇಲೆ ಗಂಗೂಬಾಯಿ ತನ್ನ ಅರ್ಧ ಮರಾಠಿಯಲ್ಲಿ, "ಅಗ ಬಾಯಿ, ಈ ಸಾಹೇಬಗ ಬಾಯ್ಕೋ ಇಲ್ಲ ಕಾಯ?" ಎಂದು ಕೇಳಿದಳು. ತಮಗೆ ಹೆಂಡತಿ ಇಲ್ಲವೇ ಎಂದು ಅವಳ ಪ್ರಶ್ನೆ. ಇದ್ದರೆ ಆ ತಾಯಿ ಒಮ್ಮೆಯೂ ತಮ್ಮ ಮುಂದೆ ಒಡಪು ಹೇಳಲಿಲ್ಲವೇ, ಅಥವಾ ಅವರ ಮೇಲೂ ಒಂದು ಕಡತ ತೆರೆದಿದ್ದೀರಾ?

ಪ್ರತಿ ನವೆಂಬರದಲ್ಲಿ ನಿಪ್ಪಾಣಿಯ ವೇದಿಕೆ ಮೇಲೆ ತಮ್ಮಂಥ ದೊಡ್ಡವರು ಹಾರ ಹಾಕಿಸಿಕೊಂಡು, ಗಡಿಯಲ್ಲಿ ಕನ್ನಡ ಉಳಿಯಬೇಕು, ಬೆಳೆಯಬೇಕು ಎಂದು ಭಾಷಣ ಮಾಡುತ್ತಾರೆ. ನಾವು ಹೆಂಗಸರು ಹಿಂದೆ ನಿಂತು ಕೇಳುತ್ತೇವೆ. ಏಳು ಸಮುದ್ರದಾಚೆಯವರು ಬಂದು ನಮ್ಮ ಕುರಿಹಟ್ಟಿಯಲ್ಲಿ ಕುಳಿತು ಅದನ್ನು ಬೆಳೆಸಿದರೆ ಗಡಿ ದಾಟಿಸುತ್ತೀರಿ. ಬೆಳೆಯಬೇಕಾದದ್ದು ಕನ್ನಡವೋ, ಭಾಷಣವೋ ಎಂಬುದನ್ನಾದರೂ ಒಮ್ಮೆ ಸ್ಪಷ್ಟಪಡಿಸಿ.

ಆ ದಿನ ಪ್ರವಾಸಿ ಮಂದಿರದಲ್ಲಿ ನಾನೊಂದು ಮಾತು ಆಡಿದ್ದರೆ, "ಇದು ನಮ್ಮ ರೂಢಿ ಸಾಹೇಬ್ರ" ಎಂದಿದ್ದರೆ, ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ. ನನಗೆ ದೊಡ್ಡವರ ಮುಂದೆ ದನಿ ಏಳುವುದಿಲ್ಲ. ಅದಕ್ಕೆ ಅವಳು ದಂಡ ತೆರುತ್ತಿದ್ದಾಳೆ. ಆದೇಶ ಬಂದ ದಿನ ಕಿಷ್ಟವ್ವ ಅಳಲಿಲ್ಲ. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತ, "ಒಡಪದಾಗ ಎಲ್ಲೆರ ತಪ್ಪ ಮಾಡಿದ್ನ್ಯಾ ಸತ್ತೆವ್ವ?" ಎಂದು ಕೇಳಿದಳು.

ಆರು ತಿಂಗಳು ಕೊಡುವುದು ಬಿಡುವುದು ತಮ್ಮ ಅಧಿಕಾರ. ನನಗೆ ಅರ್ಹತೆಯಿಲ್ಲ ಎಂಬ ಸಾಲೂ ಇರಲಿ, ಅದರಿಂದ ನನಗೇನೂ ಕಡಿಮೆಯಾಗುವುದಿಲ್ಲ. ಆದರೆ ಇವರ ಮದುವೆ ಸಂಶಯಾಸ್ಪದ ಎಂಬ ಆ ಸಾಲು ಅವರ ಬೆನ್ನಿಗಂಟಿ ಹೋಗುತ್ತದೆ. ನಾಳೆ ಅವರು ಮತ್ತೆ ಈ ದೇಶಕ್ಕೆ ಬರಬೇಕೆಂದಾಗ ಯಾವನೋ ಒಬ್ಬ ಅದನ್ನು ಓದಿ ಅವಳ ಮುಖ ನೋಡುತ್ತಾನೆ. ಮೂವತ್ತೊಂದರೊಳಗೆ ಆ ಸಾಲನ್ನು ತಮ್ಮ ಕೈಯಿಂದಲೇ ಹೊಡೆದುಹಾಕಿ, ಸಹಿ ಮಾಡಿ, ಒಂದು ಪ್ರತಿ ಅವಳಿಗೆ ಕೊಡಬೇಕು. ಸಂಶಯ ಉಳಿದಿದ್ದರೆ ಅಕ್ಕೋಳಕ್ಕೆ ಬನ್ನಿ, ಓಣಿಯೇ ಸಾಕ್ಷಿ ನುಡಿಯುತ್ತದೆ.

ಕೊನೆಯದಾಗಿ ಒಂದು ಮಾತು. ನಿನ್ನೆ ಆಯಿ ನನ್ನನ್ನು ಕರೆದು, "ಸಾಹೇಬಗ ಬಾಯಿಲೆ ಹೆಸರ ಕೇಳೂದ ಬೇಕಾದ್ರ, ನನ್ನ ಕರಕೊಂಡ ನಡಿ. ನಿಮ್ಮ ಮುತ್ತ್ಯಾನ ಹೆಸರ ನಾ ಹೇಳತೇನ, ಒಡಪ ಇಲ್ದ. ಹುಡುಗೀದ ಬಿಡ ಅನ್ನ" ಅಂದಳು. ಮುತ್ತ್ಯಾ, ಅಂದರೆ ಆಯಿಯ ಗಂಡ, ತೀರಿಕೊಂಡು ಹದಿನೆಂಟು ವರ್ಷ. ಮದುವೆಯಾಗಿ ಅರವತ್ತು ವರ್ಷದಲ್ಲಿ ಆಯಿ ಆ ಹೆಸರನ್ನು ಹಾಗೆ ಒಮ್ಮೆಯೂ ಆಡಿಲ್ಲ. ಅವಳನ್ನು ನಾನು ತಮ್ಮ ಮೇಜಿನ ಮುಂದೆ ತಂದು ನಿಲ್ಲಿಸುವುದಿಲ್ಲ. ತಾವೂ ಆ ಹಟಕ್ಕೆ ಇಳಿಯದೆ ಲೇಖನಿ ತೆಗೆದುಕೊಳ್ಳಿ.

ಇಂತಿ,
ಮಾತಾಡಬೇಕಾದ ದಿನ ಮಾತಾಡದೆ, ತಡವಾಗಿ ಕಾಗದ ಹಿಡಿದ
ಸತ್ತೆವ್ವ ಮಾಳಸಿದ್ದ,
ಅಕ್ಕೋಳ