ಇಪ್ಪತ್ತೇಳು ತೂತು, ಒಂದು ಬಿರಡೆ

ಮಾರ್ಚ್ 2, ಸೋಮವಾರ. ಬೆಳಿಗ್ಗೆ 10.40

ಬಾಟಲಿ ಕುದಿಸಿದ್ದಾಯಿತು. ಬಟ್ಟೆ ನೆನೆಹಾಕಿದ್ದಾಯಿತು. ಗುಂಡಮ್ಮ ಈಗಷ್ಟೇ ಮಲಗಿದಳು — ನಲವತ್ತು ನಿಮಿಷ ಸಿಕ್ಕರೆ ಪುಣ್ಯ. ಹತ್ತು ತಿಂಗಳ ಮಗುವಿಗೆ ಮೂರನೇ ಹಲ್ಲು. ರಾತ್ರಿ ಐದು ಸಲ ಎದ್ದಳು. ನಾನು ಏಳಲಿಲ್ಲ, ಏಳುವುದಕ್ಕೆ ಮೊದಲು ಮಲಗಿರಬೇಕಲ್ಲ.

ಕಿಟಕಿಯಾಚೆ ಅಂಗಳದ ತುಂಬ ದೋಣಿ. ಬಂದು ಎರಡು ವಾರ. ಅಲ್ಯೂಮಿನಿಯಂ, ಹನ್ನೆರಡು ಅಡಿ, ಸೆಕೆಂಡ್ ಹ್ಯಾಂಡ್. ರಜೆಯ ದಿನ ಮೀನು ಹಿಡಿಯುತ್ತಾರಂತೆ ಇವರು. ಹಿಂದಿನ ಯಜಮಾನನಿಗೆ ಡ್ರಿಲ್ ಹುಚ್ಚು ಹಿಡಿದಿತ್ತೋ ಏನೋ. ಗಾಳದ ಕೋಲು ನಿಲ್ಲಿಸಲು ಒಂದು ಹಿಡಿ, ಕೊಡೆಗೊಂದು, ಚಹಾ ಲೋಟಕ್ಕೊಂದು, ಮೀನೆಲ್ಲಿದೆ ಎಂದು ತೋರಿಸುವ ಯಂತ್ರಕ್ಕೊಂದು... ಮಾರುವಾಗ ಎಲ್ಲ ಬಿಚ್ಚಿಕೊಂಡು ಹೋಗಿದ್ದಾನೆ. ತೂತುಗಳನ್ನು ಮಾತ್ರ ಧಾರಾಳವಾಗಿ ನಮಗೆ ಬಿಟ್ಟಿದ್ದಾನೆ. ಇವರು ಕೈಗೆ ಸಿಕ್ಕಿದ ಕಬ್ಬಿಣದ ಸ್ಕ್ರೂಗಳನ್ನೆಲ್ಲ ಅವಕ್ಕೆ ತಿರುಗಿಸಿ, ಮೇಲೆ ಸಿಲಿಕೋನ್ ಮೆತ್ತಿದ್ದಾರೆ. ಬಚ್ಚಲಿನ ಸಿಂಕಿಗೆ ಹಚ್ಚಿ ಉಳಿದದ್ದು.

"ನೀರು ಬರಲ್ವೇನ್ರೀ?" ಅಂದೆ.

"ಒಂದು ಹನಿ ಬಂದ್ರೂ ಮೀಸೆ ಬೋಳಿಸ್ತೀನಿ."

ಇವರಿಗೆ ಮೀಸೆಯೇ ಇಲ್ಲ.

ಎದ್ದಳು. ಇಪ್ಪತ್ತೆರಡೇ ನಿಮಿಷ.

ಮಾರ್ಚ್ 8, ಭಾನುವಾರ. ಸಂಜೆ 6

ಈಗಲೇ ಬರೆಯುತ್ತೇನೆ. ಬರೆಯದಿದ್ದರೆ ಕಿರುಚಿಬಿಡುತ್ತೇನೆ.

ಊಟವಾದ ಮೇಲೆ ನಿದ್ದೆ ಬಂತು. ತಾನಾಗಿಯೇ ಬಂತು, ಎಷ್ಟೋ ವಾರಗಳ ಮೇಲೆ. ಮೂರೂವರೆಗೆ ಎಚ್ಚರ. ಪಕ್ಕದಲ್ಲಿ ಕೈಯಾಡಿಸಿದೆ — ಮಗು ಇಲ್ಲ. ತೊಟ್ಟಿಲಲ್ಲಿ ಇಲ್ಲ. ಮಾವನ ಕೋಣೆಯಲ್ಲಿ ಇಲ್ಲ. ಅವರು ಗೊರಕೆ ಹೊಡೆಯುತ್ತಿದ್ದರು. ಬಚ್ಚಲಿನ ಬಕೆಟ್ಟಿನೊಳಗೆ ನೋಡಿದೆ. ಹೌದು. ಅಲ್ಲೂ ನೋಡಿದೆ. ನೀರಿನಲ್ಲಿ ಕೈ ಹಾಕಿ ನೋಡಿದೆ.

ಅಂಗಳಕ್ಕೆ ಬಂದರೆ ದೋಣಿಯೂ ಇಲ್ಲ.

ಬರಿಗಾಲಲ್ಲಿ ಬೀದಿಯ ಕೊನೆಯವರೆಗೆ ಓಡಿದೆ. ಕಡಲ ಹಿನ್ನೀರಿನ ದಡ. ದೂರದಿಂದ ಗಂಡ ಹುಟ್ಟು ಹಾಕಿಕೊಂಡು ಬರುತ್ತಿದ್ದಾನೆ, ಶಿಳ್ಳೆ ಬೇರೆ. ಮಗುವನ್ನು ತನ್ನ ಕಾಲುಗಳ ನಡುವೆ, ದೋಣಿಯ ತಳದಲ್ಲಿ ಕೂರಿಸಿಕೊಂಡಿದ್ದಾನೆ.

"ಪಾಪ, ಮಲಗಿದ್ಯಲ್ಲ ಅಂತ ಎಬ್ಬಿಸ್ಲಿಲ್ಲ ಕಣೇ. ಬರೀ ಅರ್ಧ ಗಂಟೆ. ಎಷ್ಟು ಖುಷಿಯಾಗಿದ್ಳು ಗೊತ್ತಾ?"

ಕಿತ್ತುಕೊಂಡೆ. ಚಡ್ಡಿ ತೊಪ್ಪೆ. ಎರಡೂ ಕಾಲ್ಚೀಲ ತೊಪ್ಪೆ. ಹಿಂಡಿದರೆ ಉಪ್ಪುನೀರು.

"ಅಲೆ ಸಿಡೀತು ಅಷ್ಟೆ."

ಅಲೆ ಸಿಡಿದರೆ ಮೇಲಿನಿಂದ ಒದ್ದೆಯಾಗಬೇಕು. ಕೂದಲು ಒಣಗಿತ್ತು. ಅಂಗಿ ಗರಿಗರಿ. ಈ ನೀರು ಕೆಳಗಿನಿಂದ ಬಂದದ್ದು.

ಇನ್ನು ಮುಂದೆ ಈ ಪುಸ್ತಕದಲ್ಲಿ 'ಇವರು' ಇಲ್ಲ. 'ಇವನು'. ಅಷ್ಟು ಮರ್ಯಾದೆಯೇ ಹೆಚ್ಚಾಯಿತು.

ಮಾರ್ಚ್ 9. ಮಧ್ಯಾಹ್ನ 1

ಅಮ್ಮನಿಗೆ ಫೋನ್ ಮಾಡಿದೆ. ಮಾಡಬಾರದಿತ್ತು.

"ಗಂಡ ಅನ್ನೋನು ಮಗೂನ ಎತ್ಕೊಂಡು ಹೋಗಿ ನಿನ್ನ ಮಲಗೋಕೆ ಬಿಟ್ಟಿದ್ದಾನೆ. ಅದಕ್ಕೂ ಅಳ್ತೀಯಾ? ನಿಮ್ಮಪ್ಪ ನಿನ್ನ ಒಂದಿನ ಎತ್ಕೊಂಡಿದ್ದು ನಾ ನೋಡ್ಲಿಲ್ಲ."

"ಅಮ್ಮಾ, ದೋಣಿ ಸೋರ್ತಾ ಇತ್ತು."

"ಮುಳುಗಲಿಲ್ಲವಲ್ಲ."

ಫೋನ್ ಇಟ್ಟೆ. ಪಾತ್ರೆ ತೊಳೆದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಮಾರ್ಚ್ 11, ಬುಧವಾರ. ಮಧ್ಯಾಹ್ನ 12.15

ಇವನು ಕೆಲಸಕ್ಕೆ ಹೋಗಿದ್ದಾನೆ. ಹಿತ್ತಿಲ ನಲ್ಲಿಯಿಂದ ಪೈಪ್ ಎಳೆದು ದೋಣಿಯೊಳಗೆ ಬಿಟ್ಟೆ. ಒಳಗೆ ನೀರು ತುಂಬಿಸಿದರೆ ಎಲ್ಲಿ ಸೋರುತ್ತದೆ ಎಂದು ದೋಣಿಯೇ ಹೇಳುತ್ತದೆ. ಇಷ್ಟು ಹೊಳೆಯುವುದಕ್ಕೆ ಮೂರು ರಾತ್ರಿ ಬೇಕಾಯಿತು.

ಮಾವ ಜಗುಲಿಯಿಂದ, "ಏನಮ್ಮಾ, ನೀರಲ್ಲಿ ದೋಣಿ ಇರ್ಬೇಕೋ, ದೋಣೀಲಿ ನೀರು ಇರ್ಬೇಕೋ?"

"ನಿಮ್ಮ ಮಗ ಎರಡೂ ಒಟ್ಟಿಗೆ ಮಾಡಿದ್ದಾರೆ ಮಾವ."

ನಕ್ಕರು. ಅತ್ತೆ ಹೋದ ಮೇಲೆ ನಮ್ಮ ಜೊತೆಗಿದ್ದಾರೆ. ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಮೂವತ್ತು ವರ್ಷ ತಗಡು ಬಡಿದವರು. ಈಗ ಎರಡೂ ಕಣ್ಣಿಗೆ ಪೊರೆ.

ಮೊಣಕೈ ಮುಳುಗುವಷ್ಟು ತುಂಬಿಸಿದೆ. ದೋಣಿಯನ್ನು ಎತ್ತಿ ನಿಲ್ಲಿಸಿದ ದಿಮ್ಮಿಗಳ ನಡುವೆ ತೆವಳಿ ನೋಡಿದೆ. ತೊಟ್... ತೊಟ್... ಒಂದು ಕಡೆ ತೊಟ್ಟಲ್ಲ, ಎಳೆಯಾಗಿಯೇ ಬರುತ್ತಿತ್ತು. ಮದುವೆಗೆ ಕೊಂಡ ಲಿಪ್‌ಸ್ಟಿಕ್ ಇತ್ತು, ಹಚ್ಚಿಕೊಳ್ಳಲು ಇನ್ನು ಯಾವ ಕಾಲಕ್ಕೆ — ಅದರಲ್ಲೇ ಗುರುತು ಹಾಕಿದೆ. ತೂತಿದ್ದಲ್ಲೆಲ್ಲ ಒಂದು ಸುತ್ತು, ಸೋರುವಲ್ಲಿ ಎರಡು. ಒಟ್ಟು ಇಪ್ಪತ್ತೇಳು. ಸೋರುವುದು ಒಂಬತ್ತು. ಅವುಗಳಲ್ಲಿ ಅತಿ ಹೆಚ್ಚು ಸೋರುವುದು ಹಿಂದಿನ ಸೀಟಿನ ಮುಂದೆ, ತಳದಲ್ಲಿ. ಸರಿಯಾಗಿ ಗುಂಡಮ್ಮ ಕೂತಿದ್ದ ಜಾಗ.

ಸ್ಕ್ರೂಗಳ ಸುತ್ತ ಬಿಳಿ ಪುಡಿ. ಅಲ್ಯೂಮಿನಿಯಂ, ಕಬ್ಬಿಣ, ನಡುವೆ ಉಪ್ಪುನೀರು — ಒಂದು ಇನ್ನೊಂದನ್ನು ತಿನ್ನುತ್ತದೆ. ಕಾಲೇಜಿನ ಎರಡನೇ ವರ್ಷದ ಕೆಮಿಸ್ಟ್ರಿ ಪಾಠ. ಮುಚ್ಚುವುದಕ್ಕೆಂದು ಇವನು ಹಾಕಿದ ಸ್ಕ್ರೂವೇ ತೂತನ್ನು ದೊಡ್ಡದು ಮಾಡುತ್ತಿದೆ.

ಅದೇ ದಿನ. ರಾತ್ರಿ 8

ಬಂದವನು ದೋಣಿಯ ಕೆಂಪು ಸುತ್ತುಗಳನ್ನು ನೋಡಿ, "ಏನಿದು, ದೋಣಿಗೆ ಸಿಡುಬು ಎದ್ದಿದ್ಯಾ?"

"ಒಂಬತ್ತು ಕಡೆ ಸೋರುತ್ತೆ."

"ಸರಿ. ಇನ್ನೊಂದು ಕೈ ಮೆತ್ತಿದ್ರಾಯ್ತು."

"ಮೆತ್ತೋದಲ್ಲ ರೀ. ಸ್ಕ್ರೂ ತೆಗೀಬೇಕು, ರಿವೆಟ್ ಮೊಳೆ ಹೊಡೀಬೇಕು. ಕಬ್ಬಿಣ ಸೇರಿದ್ರೆ ತಗಡು ತಿಂದುಹೋಗುತ್ತೆ."

"ಶುರುವಾಯ್ತು ಕಾಲೇಜು. ನೋಡು, ನಿಂಗೆ ನಿದ್ದೆ ಇಲ್ಲ. ಅದಕ್ಕೇ ಎಲ್ಲ ದೊಡ್ಡದಾಗಿ ಕಾಣುತ್ತೆ. ಭಾನುವಾರ ಮತ್ತೆ ಕರ್ಕೊಂಡ್ಹೋಗ್ತೀನಿ, ನೀನು ಆರಾಮಾಗಿ ಮಲಗು."

ಆರಾಮಾಗಿ! ನಾನು ಮಲಗಿದ್ದಕ್ಕೇ ಅಲ್ಲವೇ ಮಗು ನೀರಿಗೆ ಹೋದದ್ದು? ಈಗ ರೆಪ್ಪೆ ಅಂಟಿದರೆ ಸಾಕು, ಬಕೆಟ್ಟು ಕಾಣುತ್ತದೆ. ನಿದ್ದೆ ಕಿತ್ತುಕೊಂಡವನೇ ನಿದ್ದೆಯಿಲ್ಲದವಳ ಮಾತು ಎಂದು ತಳ್ಳಿಹಾಕುತ್ತಾನೆ.

ದೋಣಿಯ ತಳದಲ್ಲಿ ನೀರು ಹೊರಬಿಡಲೆಂದೇ ಇರುವ ಕಿಂಡಿಗೆ ಒಂದು ಬಿರಡೆ ಇದೆ. ಹೆಬ್ಬೆರಳಿನಷ್ಟು ರಬ್ಬರು. ಅದಿಲ್ಲದೆ ದೋಣಿ ನೀರಿಗಿಳಿಯುವ ಹಾಗಿಲ್ಲ.

ಈಗ ಅದು ನನ್ನ ದಿಂಬಿನ ಕೆಳಗಿದೆ.

ಮಾರ್ಚ್ 12

ಮಾತಿಲ್ಲ.

ಮಾರ್ಚ್ 13

ಇಲ್ಲ. "ಉಪ್ಪು" ಅಂದ. ಡಬ್ಬಿ ತಳ್ಳಿದೆ.

ಮಾರ್ಚ್ 15, ಭಾನುವಾರ. ಬೆಳಿಗ್ಗೆ 9

ಏಳಕ್ಕೇ ಹುಡುಕಾಟ ಶುರು. ಟೂಲ್ ಬಾಕ್ಸ್ ಮಗುಚಿದ. ಚಪ್ಪಲಿ ಗೂಡು ಮಗುಚಿದ. ಮಗುವಿನ ಆಟಿಕೆ ಬುಟ್ಟಿ ಸಹ.

"ಅಪ್ಪಾ, ಬಿರಡೆ ನೋಡಿದ್ರಾ?"

"ನನ್ನ ಕಣ್ಣಿಗೆ ನೀನೇ ಸರಿಯಾಗಿ ಕಾಣಲ್ಲ, ಬಿರಡೆ ಕಾಣುತ್ತಾ?" ಮಾವ ಅಂದರು. ನನ್ನ ಕಡೆ ತಿರುಗಿಯೇ ಅಂದರು.

ಕೊನೆಗೆ ಕೋಣೆಯ ಬಾಗಿಲಿಗೆ ಬಂದು ನಿಂತ. "ಕೊಡ್ತೀಯೋ ಇಲ್ವೋ?"

"ಇಪ್ಪತ್ತೇಳೂ ಮುಚ್ಚಿ. ಕೊಡ್ತೀನಿ."

"ಹುಚ್ಚು ಕಣೇ ನಿಂಗೆ."

"ಹೌದು."

ಆಗ ಮಾವ ಜಗುಲಿಯಿಂದಲೇ ದನಿ ಎತ್ತಿದರು. ಅವರು ದನಿ ಎತ್ತಿದ್ದು ನಾನು ಕೇಳಿದ್ದು ಇದೇ ಮೊದಲು. "ಅವಳು ಹೇಳೋದು ಸರಿ ಇದೆಯೋ. ಸಿಲಿಕೋನ್ ಮೆತ್ತಿ ಬಸ್ ಬಿಟ್ಟಿದ್ರೆ ನನ್ನ ಮೇಸ್ತ್ರಿ ಕೈ ಮುರೀತಿದ್ದ. ರಿವೆಟ್ ನಾ ಹೇಳಿಕೊಡ್ತೀನಿ. ಆದ್ರೆ ಒಬ್ಬನ ಕೈಲಾಗೋ ಕೆಲಸ ಅಲ್ಲ ಅದು. ಹೊರಗೊಬ್ರು, ಒಳಗೊಬ್ರು ಬೇಕು. ಒಳಗೆ ನಾ ಕೂರೋಣ ಅಂದ್ರೆ ಕಣ್ಣಿಲ್ಲ."

ಇವನು ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ.

ಮಾರ್ಚ್ 22, ಭಾನುವಾರ. ಸಂಜೆ 5

ಬೆರಳಿನ ಗೆಣ್ಣೆಲ್ಲ ತರಚಿಹೋಗಿದೆ. ಪೆನ್ನು ಹಿಡಿಯಲಾಗುತ್ತಿಲ್ಲ. ಆದರೆ ಇದನ್ನು ಬರೆದಿಡಬೇಕು.

ಸ್ಕ್ರೂ ತೆಗೆದು, ಬಿಳಿ ಪುಡಿ ಉಜ್ಜಿ, ಡ್ರಿಲ್ಲಿನಿಂದ ತೂತಿನ ಅಂಚು ಸರಿಮಾಡಿ, ದೋಣಿಗೆಂದೇ ಇರುವ ಸೀಲೆಂಟ್ ಅಂಟು ಹಚ್ಚಿ, ಹೊರಗಿನಿಂದ ತಲೆ ದಪ್ಪಗಿರುವ ಗಿಡ್ಡ ಅಲ್ಯೂಮಿನಿಯಂ ರಿವೆಟ್ ತೂರಿಸಬೇಕು. ದೊಡ್ಡ ತೂತಾದರೆ ಮೇಲೊಂದು ತಗಡಿನ ತೇಪೆ, ಅದರ ಸುತ್ತ ರಿವೆಟ್. ಹೊರಗೆ ಇವನು ಸುತ್ತಿಗೆ ಹಿಡಿದು ಹೊಡೆಯುತ್ತಾನೆ. ಒಳಗೆ ನಾನು ಮಂಡಿಯೂರಿ ರಿವೆಟ್ಟಿನ ಬಾಲಕ್ಕೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುತ್ತೇನೆ. ಹೊಡೆತಕ್ಕೆ ಬಾಲ ಚಪ್ಪಟೆಯಾಗಿ ಕೂರುತ್ತದೆ. ಅದು ಹೇಗೆ ಕೂತಿತೆಂದು ನನಗೆ ಮಾತ್ರ ಕಾಣುತ್ತದೆ.

ಮಾವ ಕುರ್ಚಿಯಲ್ಲಿ ಗುಂಡಮ್ಮನನ್ನು ತೊಡೆಯ ಮೇಲಿಟ್ಟುಕೊಂಡು ಪಾಠ ಹೇಳಿದರು. "ಶೆಡ್ಡಲ್ಲಿ ಆ ಗದ್ದಲಕ್ಕೆ ಮಾತು ಕೇಳ್ತಾ ಇರಲಿಲ್ಲ. ಕುಟ್ಟಿ ಹೇಳ್ತಿದ್ವಿ. ಒಳಗಿನವರು ಒಂದು ಸಲ ಕುಟ್ಟಿದ್ರೆ — ಇನ್ನೂ ಹೊಡಿ. ಎರಡು — ಸರಿಯಾಗಿದೆ. ಮೂರು — ಕೆಟ್ಟಿದೆ, ಕೊರೆದು ತೆಗಿ, ಮತ್ತೆ ಹಾಕು."

"ನನಗೆ ಚೆನ್ನಾಗೇ ಇದೆ ಅನ್ನಿಸಿದ್ರೆ?" ಇವನು.

"ನಿನಗೆ ಅನ್ನಿಸೋ ಹಾಗೇ ಇಲ್ಲ. ಹೊರಗಿನವನಿಗೆ ಕಾಣಲ್ಲ. ಒಳಗಿನವರ ಮಾತೇ ಮಾತು. ಹೊರಗಿನವನು ಕುಟ್ಟೋದೂ ಇಲ್ಲ, ವಾದ ಮಾಡೋದೂ ಇಲ್ಲ."

ಹನ್ನೊಂದು ದಿನದಿಂದ ನೆಟ್ಟಗೆ ಮಾತಿಲ್ಲದ ಇಬ್ಬರಿಗೆ ಹೇಳಿ ಮಾಡಿಸಿದ ಭಾಷೆ.

ಮೊದಲ ನಾಲ್ಕಕ್ಕೂ ಮೂರು ಕುಟ್ಟು. ನಿಜಕ್ಕೂ ಕೆಟ್ಟಿದ್ದವು, ಬಾಲ ವಾಲಿತ್ತು. ಹೊರಗಿನಿಂದ ಹಲ್ಲು ಕಡಿದ ಸದ್ದು ಕೇಳಿಸಿದಂತಾಯಿತು. ಆದರೂ ಕೊರೆದು ತೆಗೆದ. ಐದನೆಯದು ಕೂತಿತು. ಸಂಜೆಯ ಹೊತ್ತಿಗೆ ಹದಿನಾಲ್ಕು.

ಮಾರ್ಚ್ 29, ಭಾನುವಾರ. ಸಂಜೆ 6.30

ಇಪ್ಪತ್ತಾರು ಮುಗಿಯುವಾಗ ಮೂರು ಗಂಟೆಯಾಗಿತ್ತು. ಉಳಿದದ್ದು ಒಂದು. ಗುಂಡಮ್ಮ ಕೂತಿದ್ದ ಆ ಜಾಗ.

ಹೊಡೆದ. ಚಂದವಾಗಿ ಕೂತಿತು — ಒತ್ತಿಟ್ಟ ಗುಂಡಿಯ ಹಾಗೆ. ಎರಡು ಕುಟ್ಟಲು ಕೈ ಎತ್ತಿದವಳು ಮೂರು ಕುಟ್ಟಿದೆ.

ಡ್ರಿಲ್ ಸದ್ದು. ಕೊರೆದು ತೆಗೆದ. ಮತ್ತೆ ಸೀಲೆಂಟ್, ಮತ್ತೆ ರಿವೆಟ್, ಮತ್ತೆ ಸುತ್ತಿಗೆ. ಇನ್ನೂ ಚೆನ್ನಾಗಿ ಕೂತಿತು. ಮೂರು ಕುಟ್ಟಿದೆ.

"ಎರಡು ಸಲವೂ ಕೆಟ್ಟಿತಾ?" ಮಾವನಿಗೆ ಆಶ್ಚರ್ಯ. "ಸದ್ದು ಕೇಳಿದ್ರೆ ಹಾಗನ್ನಿಸಲಿಲ್ವಲ್ಲ."

ಪ್ರತಿ ಸಲ ಕೊರೆದಾಗಲೂ ತೂತು ಕೂದಲೆಳೆಯಷ್ಟು ದೊಡ್ಡದಾಗುತ್ತದೆ. ನನಗೆ ಗೊತ್ತಿತ್ತು. ಮೂರನೆಯದಕ್ಕೂ ಮೂರೇ ಕುಟ್ಟಿದೆ.

ಈ ಸಲ ಡ್ರಿಲ್ ಸದ್ದಿಲ್ಲ. ತಗಡಿನಾಚೆಯಿಂದ ದನಿ. "ನಿಜವಾಗ್ಲೂ ಕೆಟ್ಟಿದ್ಯಾ?"

"ಇಲ್ಲ."

"ಮತ್ತೆ?"

"ಬಚ್ಚಲಿನ ಬಕೆಟ್ಟಲ್ಲಿ ಕೈ ಹಾಕಿ ಹುಡುಕಿದೆ ಅವತ್ತು. ಮಗು ಅದರೊಳಗೆ ಇದ್ಯೇನೋ ಅಂತ. ನೀವು ಬರೋವರೆಗೂ ನನ್ನ ಲೆಕ್ಕಕ್ಕೆ ಅವಳು ಇರಲೇ ಇಲ್ಲ. ಅರ್ಧ ಗಂಟೆ ಅಂತೀರಿ ನೀವು."

ಗುಂಡಮ್ಮ ಏನೋ ಕಿರುಚಿದಳು, ಮಾವ 'ಶ್ಶ್' ಅಂದರು. ನಾನು ದೋಣಿಯ ತಳ ನೋಡುತ್ತ ಕೂತಿದ್ದೆ. ಇವನು ಎದ್ದು ಹೋಗಿರಬೇಕು ಅಂದುಕೊಂಡೆ.

ಆಮೇಲೆ ಹೊರಗಿನಿಂದ, ಮೆಲ್ಲಗೆ — ಒಂದು. ಎರಡು. ಮೂರು.

ಹೊರಗಿನವನು ಕುಟ್ಟುವ ಹಾಗಿಲ್ಲ. ಆದರೂ ಕುಟ್ಟಿದ.

ಸಿಟ್ಟು ಹೋಯಿತೇ? ಇಲ್ಲ. ಮೂರು ಕುಟ್ಟಿಗೆ ಹೋಗುವಂಥದ್ದಲ್ಲ ಇದು. ತಪ್ಪಾಯಿತು ಅನ್ನಲು ಬಾಯಿಲ್ಲವೇ, ಸುತ್ತಿಗೆಯೇ ಬೇಕೇ? ಆದರೆ ಆ ರಿವೆಟ್ಟಿಗೆ ಎರಡು ಕುಟ್ಟಿ ಬಿಟ್ಟುಬಿಟ್ಟೆ. ಅದು ಏನು ಮಾಡಿತ್ತು ಪಾಪ.

ಏಪ್ರಿಲ್ 5, ಭಾನುವಾರ. ಮಧ್ಯಾಹ್ನ 2.10

ಬೆಳಿಗ್ಗೆ ಬಿರಡೆ ಹಾಕಿ, ಪೈಪ್ ಬಿಟ್ಟು, ಮೊಣಕೈ ಮುಳುಗುವಷ್ಟು ತುಂಬಿಸಿದೆ. ಒಂದು ಗಂಟೆ ಬಿಟ್ಟೆವು. ಇವನೇ ಕೆಳಗೆ ಅಂಗಾತ ಮಲಗಿ, ಒಂದೊಂದಕ್ಕೂ ಒಣ ಬಟ್ಟೆ ಒತ್ತಿ ನೋಡಿದ. ಇಪ್ಪತ್ತೇಳೂ ಒಣ. ಬಿರಡೆ ಕಿತ್ತು ನೀರು ಬಿಟ್ಟು, ಅದನ್ನು ನನ್ನ ಸೆರಗಿನಲ್ಲಿ ಕಟ್ಟಿಕೊಂಡೆ. ನೋಡಿದ, ಪೈಪ್ ಸುತ್ತಿಡಲು ಹೋದ.

ಊಟವಾದ ಮೇಲೆ ಬಾಗಿಲಲ್ಲಿ ನಿಂತು, "ಕರ್ಕೊಂಡ್ಹೋಗ್ಲಾ?" ಅಂದ.

ಕೇಳಿದ.

"ಇವತ್ತು ಬೇಡ."

"ಸರಿ. ಇಲ್ಲೇ ಇರ್ತೀವಿ. ನೀನು ಸ್ವಲ್ಪ ಒರಗಿಕೋ."

ಕಿಟಕಿಯಿಂದ ಕಾಣುತ್ತಿದೆ. ಅಂಗಳದಲ್ಲಿ, ಒಣ ನೆಲದ ಮೇಲೆ ದೋಣಿ. ಅದರೊಳಗೆ ಇವನು, ಕಾಲುಗಳ ನಡುವೆ ಗುಂಡಮ್ಮ. ಗಾಳಿಯಲ್ಲಿ ಹುಟ್ಟು ಹಾಕುತ್ತಿದ್ದಾನೆ, ಅವಳು ಕೇಕೆ ಹಾಕುತ್ತಿದ್ದಾಳೆ. ಮಾವ ಪಕ್ಕದಲ್ಲಿ, "ಟಿಕೆಟ್ ತಗೊಂಡ್ರಾ?" ಅನ್ನುತ್ತಿದ್ದಾರೆ.

ಒರಗಿಕೋ ಅಂತೆ. ನಾನೇನೂ ಮಲಗುವುದಿಲ್ಲ. ಬೆನ್ನು ಚಾಚಿದ್ದೇನೆ, ಅಷ್ಟೆ. ಅಕ್ಷರ ಸ್ವಲ್ಪ ಜಾರುತ್ತಿದೆ. ದನಿ ಕೇಳುತ್ತಿರುವವರೆಗೆ ಪರವಾಗಿಲ್ಲ... ಬಿರಡೆ ಕಟ್ಟಿದ ಗಂಟು ಮುಷ್ಟಿಯಲ್ಲೇ ಇದೆ. ಬರುವ ಭಾನುವಾರ ಮತ್ತೆ ಕೇಳಿದರೆ, ನಾನೂ ಜೊತೆಗೆ ಬರುವುದಾದರೆ ಮಾತ್ರ, ಅದೂ ದಡದ ಹತ್ತಿರವೇ, ಅದೂ